ಶನಿವಾರ ಸಂಜೆ ಏಳೂವರೆಯ ಪಂದ್ಯ: ಫ್ಯಾಂಟಸಿ ಆಡುವವರಿಗೆ ಟಿವಿಯ ಪ್ರೀಮಿಯರ್ ಲೀಗ್ ಎಷ್ಟು ಉಪಯೋಗ?

ಇಂಗ್ಲೆಂಡ್‌ನಲ್ಲಿ ಇರುವವರಿಗೆ ಟಿವಿಯಲ್ಲಿ ಸಿಗದ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಪಂದ್ಯವನ್ನು ನಾನು ದಾವಣಗೆರೆಯಲ್ಲಿ ಕೂತು ನೋಡುತ್ತೇನೆ. ಇದು ಉತ್ಪ್ರೇಕ್ಷೆ ಅಲ್ಲ, ಅಲ್ಲಿನ ನಿಯಮವೇ ಹಾಗಿದೆ. ಬ್ರಿಟನ್‌ನಲ್ಲಿ ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಫುಟ್‌ಬಾಲ್ ಪಂದ್ಯಗಳನ್ನು ಟಿವಿಯಲ್ಲಿ ನೇರವಾಗಿ ತೋರಿಸುವಂತಿಲ್ಲ. 1960ರ ದಶಕದಲ್ಲಿ ಬರ್ನ್ಲಿ ಕ್ಲಬ್‌ನ ಅಧ್ಯಕ್ಷರಾಗಿದ್ದ ಬಾಬ್ ಲಾರ್ಡ್ ಹಟ ಹಿಡಿದು ತಂದ ವ್ಯವಸ್ಥೆ ಅದು. ಜನ ಮನೆಯಲ್ಲೇ ಕೂತುಬಿಟ್ಟರೆ ಸಣ್ಣ ಕ್ಲಬ್‌ಗಳ ಮೈದಾನಕ್ಕೆ ಬರುವವರು ಯಾರು ಅನ್ನೋದು ಅವರ ಚಿಂತೆ. ಆ ನಿಯಮ ಇವತ್ತಿಗೂ ನಡೆಯುತ್ತಿದೆ. ಆದರೆ ಅದು ಬ್ರಿಟನ್‌ಗೆ ಮಾತ್ರ. ಅಲ್ಲಿನ ಮೂರು ಗಂಟೆ ಅಂದರೆ ನಮಗೆ ಸಂಜೆ ಏಳೂವರೆ. ಅಕ್ಟೋಬರ್ ಕೊನೆಗೆ ಅವರು ಗಡಿಯಾರ ಹಿಂದಕ್ಕೆ ಇಟ್ಟಮೇಲೆ ಎಂಟೂವರೆ. ಆ ಹೊತ್ತಿಗೆ ನಮ್ಮಲ್ಲಿ ಜಿಯೋಹಾಟ್‌ಸ್ಟಾರ್‌ನಲ್ಲಿ ಆ ಪಂದ್ಯಗಳು ಸಾಲಾಗಿ ಬರುತ್ತವೆ. ಯಾವುದು ಬೇಕೋ ಅದನ್ನು ಒತ್ತಿ ನೋಡಬಹುದು.

ಈ ವಿಮರ್ಶೆ ಬರೆಯೋಕೆ ಕಾರಣ ಇದೇ. ಪ್ರೀಮಿಯರ್ ಲೀಗ್ ಪ್ರಸಾರದ ಬಗ್ಗೆ ಬರೆಯುವವರು ಚಿತ್ರ ಎಷ್ಟು ಚೆನ್ನಾಗಿದೆ, ಕಾಮೆಂಟರಿ ಹೇಗಿದೆ ಅಂತ ಬರೆಯುತ್ತಾರೆ. ನನ್ನ ಪ್ರಶ್ನೆ ಬೇರೆ. ಫ್ಯಾಂಟಸಿ ಪ್ರೀಮಿಯರ್ ಲೀಗ್ ಆಡುವವರು ಈ ಪ್ರಸಾರ ನೋಡಿದರೆ ನಾಲ್ಕು ಪಾಯಿಂಟ್ ಜಾಸ್ತಿ ಸಿಗುತ್ತದೆಯೇ? ಸಿಗುತ್ತದೆ. ಆದರೆ ಗೋಲು ನೋಡುವುದರಿಂದ ಅಲ್ಲ. ಗೋಲು ಎಲ್ಲರಿಗೂ ಗೊತ್ತಾಗುತ್ತದೆ, ಆಟದ ಪುಟದಲ್ಲೇ ಬರೆದಿರುತ್ತದೆ. ಯಾವ ಆಟಗಾರನಿಗೆ ತಂಡ ಯಾವ ಕೆಲಸ ಕೊಟ್ಟಿದೆ ಅನ್ನೋದು ಮಾತ್ರ ಪಂದ್ಯ ನೋಡಿದವರಿಗೇ ಗೊತ್ತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 2002ರಿಂದ ನಡೆಯುತ್ತಿರುವ ಆಟ ಇದು. ಪ್ರೀಮಿಯರ್ ಲೀಗ್‌ನವರದೇ, ಪೂರ್ತಿ ಉಚಿತ. ಒಂದು ಕೋಟಿಗೂ ಹೆಚ್ಚು ಜನ ಆಡುತ್ತಾರೆ. 100 ಮಿಲಿಯನ್ ಪೌಂಡ್ ಕಾಲ್ಪನಿಕ ದುಡ್ಡಿನಲ್ಲಿ 15 ಆಟಗಾರರನ್ನು ಕೊಳ್ಳಬೇಕು, ಅವರು ನಿಜವಾದ ಪಂದ್ಯದಲ್ಲಿ ಆಡಿದ್ದಕ್ಕೆ ತಕ್ಕಂತೆ ನಮಗೆ ಪಾಯಿಂಟ್. ಒಂದು ಕ್ಲಬ್‌ನಿಂದ ಮೂರು ಜನಕ್ಕಿಂತ ಹೆಚ್ಚು ಬೇಡ. ವಾರಕ್ಕೊಂದು ಟ್ರಾನ್ಸ್‌ಫರ್ (ಒಬ್ಬನನ್ನು ಮಾರಿ ಇನ್ನೊಬ್ಬನನ್ನು ಕೊಳ್ಳುವುದು) ಉಚಿತ, ಅದಕ್ಕಿಂತ ಹೆಚ್ಚು ಮಾಡಿದರೆ ಒಂದೊಂದಕ್ಕೂ 4 ಪಾಯಿಂಟ್ ಹೋಗುತ್ತದೆ. ಕ್ಯಾಪ್ಟನ್ ಮಾಡಿದವನ ಪಾಯಿಂಟ್ ಎರಡು ಪಟ್ಟು. 2025ರಲ್ಲಿ ನಮ್ಮ ದೇಶದಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ಕಾನೂನು ಬಂತಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಇಲ್ಲಿ ಹಣ ಕಟ್ಟುವುದೂ ಇಲ್ಲ, ಗೆಲ್ಲುವುದೂ ಇಲ್ಲ. ನಮ್ಮ ಮನೆಯವರು, ಬಂಧುಗಳೆಲ್ಲ ಸೇರಿ ಒಂದು ಮಿನಿ ಲೀಗ್ ಇಟ್ಟುಕೊಂಡಿದ್ದೇವೆ. ಅದರಲ್ಲಿ ಮೇಲೆ ಇರಬೇಕು, ಅಷ್ಟೇ. ಆ ಅಷ್ಟೇ ಅನ್ನೋದು ನನಗೆ ಬಹಳ ದೊಡ್ಡದು.

ಚಿಕ್ಕಪ್ಪನ ಮಗ ರೆಡಿಂಗ್‌ನಲ್ಲಿದ್ದಾನೆ. ಲಂಡನ್‌ನಿಂದ ರೈಲಿನಲ್ಲಿ ಸ್ವಲ್ಪ ಹೊತ್ತು. ಮೈದಾನಗಳು ಅವನಿಗೆ ಹತ್ತಿರ, ಆದರೆ ಶನಿವಾರ ಮಧ್ಯಾಹ್ನ ಟಿವಿಯಲ್ಲಿ ಪಂದ್ಯ ಇಲ್ಲ. 2025ರ ಸೀಸನ್‌ನಿಂದ ಅಲ್ಲಿನ ಹೊಸ ಒಪ್ಪಂದದಲ್ಲಿ ಸ್ಕೈ ಚಾನೆಲ್‌ನವರು ಕನಿಷ್ಠ 215 ಪಂದ್ಯ, ಟಿಎನ್‌ಟಿ ಚಾನೆಲ್‌ನವರು 52 ಪಂದ್ಯ ನೇರವಾಗಿ ತೋರಿಸುತ್ತಾರೆ. ಸೀಸನ್‌ನಲ್ಲಿ ಒಟ್ಟು 380 ಪಂದ್ಯ. ಅಂದರೆ ನೂರಕ್ಕೂ ಹೆಚ್ಚು ಪಂದ್ಯ ಅವರಿಗೆ ನೇರವಾಗಿ ಕಾಣುವುದೇ ಇಲ್ಲ. ಅವನು ರಾತ್ರಿ ಬಿಬಿಸಿಯ ಮ್ಯಾಚ್ ಆಫ್ ದ ಡೇ ನೋಡುತ್ತಾನೆ. 1964ರಿಂದ ಬರುತ್ತಿರುವ ಒಳ್ಳೆಯ ಕಾರ್ಯಕ್ರಮ. ಆದರೆ ಒಂದೂವರೆ ಗಂಟೆಯ ಪಂದ್ಯವನ್ನು ಕೆಲವೇ ನಿಮಿಷಕ್ಕೆ ಇಳಿಸಿದಾಗ ಉಳಿಯೋದು ಗೋಲು, ಗೋಲಿನ ಹತ್ತಿರ ಹೋದದ್ದು, ಜಗಳ. ಹಾಗಾಗಿ ಶನಿವಾರ ಪಂದ್ಯ ಮುಗಿದ ಕೂಡಲೇ ಫೋನ್ ಬರುತ್ತದೆ.

"ಅಕ್ಕಾ, ಎಡಗಡೆ ಕಾರ್ನರ್ ಯಾರು ಹೊಡೆದ್ರು?"

"ನಿನಗ್ಯಾಕೋ ಹೇಳ್ಲಿ? ನೀನೂ ಅದೇ ಲೀಗ್‌ನಲ್ಲಿದೀಯ."

"ಅಕ್ಕಾ, ಪ್ಲೀಸ್. ಇಲ್ಲಿ ಏನೂ ಕಾಣಲ್ಲ."

ಹೇಳುತ್ತೇನೆ. ತಮ್ಮ ಅಲ್ವಾ. ಆದರೆ ಮುಂದಿನ ವಾರದ ತಂಡ ಬದಲಿಸುವ ಡೆಡ್‌ಲೈನ್ ಹತ್ತಿರ ಬಂದಮೇಲೆ ಹೇಳುತ್ತೇನೆ.

ಅವನು ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಹೊಡೆಯುವ ಕಿಕ್, ಅದರ ಬಗ್ಗೆಯೇ ಮೊದಲು ಕೇಳುವುದರಲ್ಲಿ ಅರ್ಥವಿದೆ. ಟಿವಿ ಪ್ರಸಾರ ಫ್ಯಾಂಟಸಿಯವರಿಗೆ ಕೊಡುವ ಅತಿ ದೊಡ್ಡ ಉಪಕಾರ ಅದು. ಆರ್ಸೆನಲ್ ಪಂದ್ಯ ಹಾಕಿ ನೋಡಿ. ಬಲಗಡೆ ಕಾರ್ನರ್ ಆದರೆ ಎಡಗಾಲಿನ ಬುಕಾಯೊ ಸಾಕಾ ಬರುತ್ತಾನೆ, ಎಡಗಡೆ ಆದರೆ ಬಲಗಾಲಿನ ಡೆಕ್ಲನ್ ರೈಸ್. ಎರಡೂ ಕಡೆಯಿಂದ ಚೆಂಡು ಗೋಲಿನ ಕಡೆಗೇ ತಿರುಗಿಕೊಂಡು ಬರುತ್ತದೆ. ಹೊಡೆಯುವ ಮೊದಲು ಕ್ಯಾಮೆರಾ ಪೆನಾಲ್ಟಿ ಬಾಕ್ಸ್ ಕಡೆ ತಿರುಗುತ್ತದೆ. ಅಲ್ಲಿ ಕಣ್ಣಿಡಿ. ಒಬ್ಬಿಬ್ಬರು ಗೋಲ್‌ಕೀಪರ್ ಮೈಗೇ ಅಂಟಿಕೊಂಡು ನಿಲ್ಲುತ್ತಾರೆ. ಬೆನ್ ವೈಟ್ ಆ ಕೆಲಸ ಮಾಡುತ್ತಿದ್ದುದು ಜನಕ್ಕೆ ನೆನಪಿರಬಹುದು, ಕೀಪರ್ ಕೈ ಎತ್ತುವಷ್ಟೂ ಜಾಗ ಬಿಡುತ್ತಿರಲಿಲ್ಲ. ಉಳಿದವರು ದೂರದ ಕಂಬದ ಹಿಂದೆ ಗುಂಪಾಗಿ ನಿಲ್ಲುತ್ತಾರೆ. ಚೆಂಡು ಗಾಳಿಗೆ ಏಳುವ ಹೊತ್ತಿಗೆ ಆ ಗುಂಪು ಚದುರುತ್ತದೆ, ಅದರೊಳಗಿಂದ ಗೇಬ್ರಿಯಲ್ ಮಗಲ್ಹೇಸ್ ಓಡಿ ಬಂದು ತಲೆ ಕೊಡುತ್ತಾನೆ. 2021ರಲ್ಲಿ ಸೆಟ್ ಪೀಸ್ (ಕಾರ್ನರ್, ಫ್ರೀ ಕಿಕ್‌ನಂಥವು) ಕೋಚ್ ಆಗಿ ಬಂದ ನಿಕೊಲಾಸ್ ಜೋವರ್ ಕಲಿಸಿದ ವಿದ್ಯೆ ಇದು. ಕಾರ್ನರ್ ಸಿಕ್ಕಿದ ಕೂಡಲೇ ಅವರು ಬೆಂಚಿನಿಂದ ಎದ್ದು ಗೆರೆಯ ಹತ್ತಿರ ಬರುತ್ತಾರೆ, ಕ್ಯಾಮೆರಾ ಅವರನ್ನೂ ತೋರಿಸುತ್ತದೆ.

ಫ್ಯಾಂಟಸಿಯಲ್ಲಿ ಇದರ ಬೆಲೆ ಏನು? ಡಿಫೆಂಡರ್ ಗೋಲು ಹೊಡೆದರೆ 6 ಪಾಯಿಂಟ್, ಫಾರ್ವರ್ಡ್ ಹೊಡೆದರೆ 4. ಗೋಲು ಬಿಟ್ಟುಕೊಡದಿದ್ದರೆ ಡಿಫೆಂಡರ್‌ಗೆ ಇನ್ನೂ 4. ಗೇಬ್ರಿಯಲ್ ಈಗ ಎಲ್ಲರಿಗೂ ಗೊತ್ತಿರುವ ಹೆಸರು, ಅವನನ್ನು ತೆಗೆದುಕೊಂಡರೆ ಬೇರೆಯವರಿಗಿಂತ ಮುಂದೆ ಹೋಗುವುದು ಕಷ್ಟ. ಆದರೆ ಅವನನ್ನು ನೋಡಿ ನೋಡಿ ಕಣ್ಣು ಪಳಗುತ್ತದೆ. ಆಮೇಲೆ ಮಧ್ಯದ ಸಾಲಿನ ತಂಡಗಳ ಪಂದ್ಯ ಹಾಕಿದಾಗ, ಕಾರ್ನರ್‌ನಲ್ಲಿ ಯಾರಿಗಾಗಿ ದಾರಿ ಬಿಡಿಸುತ್ತಿದ್ದಾರೆ ಅಂತ ತಾನಾಗಿಯೇ ಕಾಣುತ್ತದೆ. ಆ ಡಿಫೆಂಡರ್ ಇನ್ನೂ ಒಂದೂ ಗೋಲು ಹೊಡೆದಿರುವುದಿಲ್ಲ. ಬೆಲೆ ಕಡಿಮೆ ಇರುತ್ತದೆ. ಅವನನ್ನು ಕೊಳ್ಳೋಕೆ ಅದೇ ಸರಿಯಾದ ಹೊತ್ತು.

ಪೆನಾಲ್ಟಿಯ ಕಥೆಯೂ ಹೀಗೇ. 2023ರ ಸೆಪ್ಟೆಂಬರ್ 1ರಂದು ಕೋಲ್ ಪಾಮರ್ ಮ್ಯಾಂಚೆಸ್ಟರ್ ಸಿಟಿ ಬಿಟ್ಟು ಚೆಲ್ಸಿಗೆ ಬಂದ. ಫ್ಯಾಂಟಸಿಯಲ್ಲಿ ಅವನ ಬೆಲೆ 5 ಮಿಲಿಯನ್ ಆಸುಪಾಸು. ಅಕ್ಟೋಬರ್ 7ರಂದು ಬರ್ನ್ಲಿ ಮೈದಾನದಲ್ಲಿ ಪೆನಾಲ್ಟಿ ಸಿಕ್ಕಿತು. ತಂಡದಲ್ಲಿ ರಹೀಂ ಸ್ಟರ್ಲಿಂಗ್‌ನಂಥ ಹಿರಿಯರಿದ್ದರೂ ಹೊಡೆದವನು ಪಾಮರ್, ಚೆಲ್ಸಿಗೆ ಅವನ ಮೊದಲ ಗೋಲು. ಅಂಕಿ ಪಟ್ಟಿಯಲ್ಲಿ ಅದು ಬರೀ ಒಂದು ಗೋಲು. ಟಿವಿಯಲ್ಲಿ ನೋಡಿದವರಿಗೆ, ಈ ತಂಡದಲ್ಲಿ ಪೆನಾಲ್ಟಿ ಇನ್ನು ಮುಂದೆ ಈ ಹುಡುಗನದು ಅನ್ನೋ ಸುದ್ದಿ. ಆ ಸೀಸನ್‌ನಲ್ಲಿ ಅವನು 22 ಗೋಲು ಹೊಡೆದ, ಅದರಲ್ಲಿ 9 ಪೆನಾಲ್ಟಿ. ಮುಂದಿನ ಸೀಸನ್ ಶುರುವಾಗುವಾಗ ಬೆಲೆ 10.5 ಮಿಲಿಯನ್!

ಇನ್ನೊಂದು ರಾತ್ರಿ ಮರೆಯೋಕಾಗದು. 2024ರ ಏಪ್ರಿಲ್ 15, ಚೆಲ್ಸಿ ಮತ್ತು ಎವರ್ಟನ್. ನಮಗೆ ಮಧ್ಯರಾತ್ರಿ ದಾಟಿ ಹನ್ನೆರಡೂವರೆಗೆ ಶುರು. ಮೊದಲ ಅರ್ಧದಲ್ಲೇ ಪಾಮರ್ ಮೂರು ಗೋಲು ಹೊಡೆದಿದ್ದ. ಎರಡನೇ ಅರ್ಧದಲ್ಲಿ ನೋನಿ ಮಡುವೇಕೆಯನ್ನು ಬೀಳಿಸಿ ಪೆನಾಲ್ಟಿ ಸಿಕ್ಕಿತು. ಮಡುವೇಕೆ ಚೆಂಡು ಹಿಡಿದುಕೊಂಡ, ಕೊಡಲಿಲ್ಲ. ನಿಕೊಲಾಸ್ ಜಾಕ್ಸನ್ ನನಗೆ ಬೇಕು ಅಂತ ಬಂದ. ಮೂವರ ನಡುವೆ ಎಳೆದಾಟ, ನೂಕಾಟ. ಕೊನೆಗೆ ಕ್ಯಾಪ್ಟನ್ ಕಾನರ್ ಗ್ಯಾಲಗರ್ ನಡುವೆ ಬಂದು ಚೆಂಡನ್ನು ಪಾಮರ್ ಕೈಗೆ ಕೊಡಿಸಿದ. ಪಾಮರ್ ನಾಲ್ಕನೇ ಗೋಲು ಹೊಡೆದ. ಪಂದ್ಯ 6-0. ಜಗಳ ಮರುದಿನ ಎಲ್ಲ ಕಡೆ ಬಂತು. ಫ್ಯಾಂಟಸಿ ಆಡುವವರು ಅದರಲ್ಲಿ ನೋಡಬೇಕಾದದ್ದು ಎರಡು. ಕ್ಯಾಪ್ಟನ್ ಯಾರ ಪರ ನಿಂತ ಅನ್ನೋದು ಒಂದು. ಅಂದಮೇಲೆ ತಂಡದ ಲೆಕ್ಕದಲ್ಲಿ ಸರದಿ ಯಾರದು ಅಂತ ಖಚಿತವಾಯಿತು. ಇನ್ನೊಂದು, ಪೆನಾಲ್ಟಿ ಗಳಿಸಿಕೊಟ್ಟವನಿಗೂ ಬೇರೆಯವರು ಗೋಲು ಹೊಡೆದರೆ ಅಸಿಸ್ಟ್ (ಗೋಲಿಗೆ ನೆರವಾದ ಲೆಕ್ಕ) ಸಿಗುತ್ತದೆ, 3 ಪಾಯಿಂಟ್. ಹಾಗಾಗಿ ಬಾಕ್ಸ್ ಒಳಗೆ ಚೆಂಡು ಹಿಡಿದು ಡಿಫೆಂಡರ್ ಮೇಲೆ ನುಗ್ಗುವವರು ಯಾರು ಅಂತ ನಾನು ಬರೆದಿಟ್ಟುಕೊಳ್ಳುತ್ತೇನೆ.

ಹೌದು, ನೋಟ್‌ಬುಕ್ ಇದೆ. ಅದರಲ್ಲಿ ಗೋಲು ಬರೆಯುವುದಿಲ್ಲ. ಕಾರ್ನರ್ ಯಾರು, ಫ್ರೀ ಕಿಕ್ ಯಾರು, ಯಾರನ್ನು ಯಾವ ನಿಮಿಷಕ್ಕೆ ಹೊರಗೆ ಕರೆದರು, ಯಾರು ತನ್ನ ಜಾಗ ಬಿಟ್ಟು ಎಲ್ಲಿ ಆಡಿದ. ಕೊನೆಯದು ಬಹಳ ಮುಖ್ಯ. ಆಟದವರು ಸೀಸನ್ ಶುರುವಿಗೇ ಒಬ್ಬನನ್ನು ಡಿಫೆಂಡರ್, ಮಿಡ್‌ಫೀಲ್ಡರ್ ಅಂತ ಗುರುತು ಹಾಕಿಬಿಡುತ್ತಾರೆ. ಆಮೇಲೆ ಕೋಚ್ ಅವನನ್ನು ಎಲ್ಲಿ ಆಡಿಸಿದರೂ ಆ ಗುರುತು ಸೀಸನ್ ಮುಗಿಯುವವರೆಗೆ ಬದಲಾಗದು. 2024ರ ಏಪ್ರಿಲ್, ಮೇನಲ್ಲಿ ಮ್ಯಾಂಚೆಸ್ಟರ್ ಸಿಟಿಯ ಯೋಶ್ಕೊ ಗ್ವಾರ್ಡಿಯೋಲ್ ಎಡಗಡೆಯ ಡಿಫೆಂಡರ್. ಕಾಗದದ ಮೇಲೆ ಮಾತ್ರ. ಪಂದ್ಯ ನೋಡಿದರೆ ಅವನು ಎದುರಾಳಿ ಬಾಕ್ಸ್ ಒಳಗೇ ಓಡಾಡುತ್ತಿದ್ದ. ಆ ಕೆಲವು ವಾರಗಳಲ್ಲಿ ಲೀಗ್‌ನಲ್ಲಿ 4 ಗೋಲು ಹೊಡೆದ, ಫುಲ್‌ಹ್ಯಾಮ್ ಮೇಲೆ ಒಂದೇ ಪಂದ್ಯದಲ್ಲಿ ಎರಡು. ಒಂದೊಂದಕ್ಕೂ ಡಿಫೆಂಡರ್ ಲೆಕ್ಕದ 6 ಪಾಯಿಂಟ್. ಮೊದಲ ಗೋಲಿಗೂ ಮುಂಚೆ ಅವನು ಎಲ್ಲಿ ನಿಲ್ಲುತ್ತಿದ್ದಾನೆ ಅಂತ ಕಂಡವರು ಲಾಭ ಮಾಡಿಕೊಂಡರು.

ಇದಕ್ಕೆ ಒಂದು ಅಭ್ಯಾಸ ಬೇಕು. ಚೆಂಡನ್ನು ಬಿಟ್ಟು ಒಬ್ಬನನ್ನೇ ನೋಡಬೇಕು. ಮೊದಲ ಹದಿನೈದು ನಿಮಿಷ ಸಾಕು. ಆ ಹೊತ್ತಿನಲ್ಲಿ ಎರಡೂ ತಂಡ ಕೋಚ್ ಹೇಳಿದಂತೆಯೇ ಆಡುತ್ತವೆ. ಗೋಲು ಬಿದ್ದಮೇಲೆ, ಕಾರ್ಡ್ ಬಂದಮೇಲೆ ಎಲ್ಲ ಕಲಸಿಹೋಗುತ್ತದೆ. ಪಂದ್ಯಕ್ಕೆ ಮುಂಚೆ ಪರದೆ ಮೇಲೆ 4-3-3, 4-2-3-1 ಅಂತ ಹನ್ನೊಂದು ಹೆಸರು ಜೋಡಿಸಿ ತೋರಿಸುತ್ತಾರಲ್ಲ, ಅದನ್ನು ಪೂರ್ತಿ ನಂಬಬೇಡಿ. ಆಟ ಶುರುವಾದ ಹತ್ತು ನಿಮಿಷಕ್ಕೆ ಎಷ್ಟೋ ಸಲ ಅದು ಬೇರೆಯೇ ಆಗಿರುತ್ತದೆ.

ಐವತ್ತೆಂಟು, ಐವತ್ತೊಂಬತ್ತನೇ ನಿಮಿಷವನ್ನೂ ನಾನು ತಪ್ಪಿಸುವುದಿಲ್ಲ. ಅರವತ್ತು ನಿಮಿಷ ಆಡಿದರೆ 2 ಪಾಯಿಂಟ್, ಅದಕ್ಕೆ ಮುಂಚೆ ಹೊರಗೆ ಬಂದರೆ 1. ಕ್ಲೀನ್ ಶೀಟ್, ಅಂದರೆ ಗೋಲು ಬಿಟ್ಟುಕೊಡದಿದ್ದಾಗ ಸಿಗುವ ಪಾಯಿಂಟ್‌ಗೂ ಅರವತ್ತು ನಿಮಿಷ ಬೇಕೇ ಬೇಕು. ಗಾಯದಿಂದ ವಾಪಸ್ ಬಂದವನನ್ನು ಕೋಚ್ ಎಷ್ಟು ಹೊತ್ತಿಗೆ ಕರೆಯುತ್ತಾರೆ, ಹೊರಗೆ ಬರುವಾಗ ಅವನು ಕುಂಟುತ್ತಿದ್ದಾನೆಯೇ, ತೊಡೆ ಹಿಡಿದುಕೊಂಡಿದ್ದಾನೆಯೇ, ಇಲ್ಲಾ ಕೋಚ್ ಬೆನ್ನು ತಟ್ಟಿ ಕೂರಿಸಿದರೇ? ಅಂಕಿ ಪಟ್ಟಿಯಲ್ಲಿ ಬರೀ 'ಬದಲಿ, 58ನೇ ನಿಮಿಷ' ಅಂತ ಇರುತ್ತದೆ. ಕಾರಣ ಇರುವುದು ಚಿತ್ರದಲ್ಲಿ. ಮುಂದಿನ ವಾರ ಅವನನ್ನು ಇಟ್ಟುಕೊಳ್ಳಬೇಕೋ ಮಾರಬೇಕೋ ಅನ್ನೋದು ಆ ಕಾರಣದ ಮೇಲೆ ನಿಂತಿದೆ.

2025ರ ಸೀಸನ್‌ನಿಂದ ಬಂದ ಹೊಸ ನಿಯಮ ಸಣ್ಣ ತಂಡಗಳ ಪಂದ್ಯಕ್ಕೆ ಇನ್ನಷ್ಟು ಬೆಲೆ ತಂದಿದೆ. ಡಿಫೆಂಡರ್ ಒಬ್ಬ ಪಂದ್ಯದಲ್ಲಿ ಚೆಂಡು ಕ್ಲಿಯರ್ ಮಾಡಿದ್ದು, ಅಡ್ಡ ಬಂದು ತಡೆದದ್ದು, ನಡುವೆ ಕಸಿದದ್ದು, ಟ್ಯಾಕಲ್ ಮಾಡಿದ್ದು ಎಲ್ಲ ಸೇರಿ 10 ಆದರೆ 2 ಪಾಯಿಂಟ್ ಜಾಸ್ತಿ. ಮಿಡ್‌ಫೀಲ್ಡರ್, ಫಾರ್ವರ್ಡ್‌ಗಳಿಗೆ 12, ಅವರಿಗೆ ಚೆಂಡು ಮರಳಿ ಪಡೆದದ್ದೂ ಲೆಕ್ಕಕ್ಕೆ ಬರುತ್ತದೆ. ಯಾವ ತಂಡ ಹಿಂದೆ ಕೂತು ಹೊಡೆತ ತಿನ್ನುತ್ತದೋ ಅದರ ನಡುವಿನ ಡಿಫೆಂಡರ್‌ಗೆ ಇದು ಹಬ್ಬ. ಎವರ್ಟನ್‌ನ ಜೇಮ್ಸ್ ಟರ್ಕೋವ್ಸ್ಕಿ ಮೊದಲಿನಿಂದಲೂ ಅಂಥ ಆಟಗಾರ. ಎಲ್ಲಿಂದ ಚೆಂಡು ಬಂದರೂ ತಲೆಯೋ ಕಾಲೋ ಅಡ್ಡ ಇಡುತ್ತಾನೆ. ಇಂಥವರಿಗೆ ಮೊದಲೆಲ್ಲ ಫ್ಯಾಂಟಸಿಯಲ್ಲಿ ಸಿಗಬೇಕಾದ ಮರ್ಯಾದೆ ಸಿಗುತ್ತಿರಲಿಲ್ಲ. ಈಗ ಸಿಗುತ್ತಿರುವುದು ನನಗೆ ನಿಜಕ್ಕೂ ಖುಷಿ.

ಟಿವಿಗೆ ಒಂದು ಮಿತಿ ಇದೆ, ಅದನ್ನು ಮೊದಲೇ ತಿಳಿದುಕೊಂಡರೆ ಒಳ್ಳೆಯದು. ಡೆಡ್‌ಲೈನ್ ಇರುವುದು ವಾರದ ಮೊದಲ ಪಂದ್ಯಕ್ಕೆ ಒಂದೂವರೆ ಗಂಟೆ ಮುಂಚೆ. ಆಡುವ ಹನ್ನೊಂದು ಜನರ ಪಟ್ಟಿ ಹೊರಗೆ ಬರುವುದು ಅದಾದ ಮೇಲೆ. ಶನಿವಾರ ಪ್ರಸಾರ ಶುರುವಾಗುವ ಹೊತ್ತಿಗೆ ಆ ವಾರದ ತಂಡ ಬೀಗ ಹಾಕಿ ಆಗಿರುತ್ತದೆ. ಆದ್ದರಿಂದ ಇವತ್ತಿನ ಪಂದ್ಯ ನೋಡುವುದು ಮುಂದಿನ ವಾರದ ತಂಡಕ್ಕಾಗಿ. ಇದು ಮನಸ್ಸಿಗೆ ಹತ್ತಿದರೆ ನೋಡುವ ರೀತಿಯೇ ಬದಲಾಗುತ್ತದೆ. ನನ್ನ ಆಟಗಾರನಿಗೆ ಪಾಯಿಂಟ್ ಬಂತೋ ಇಲ್ಲವೋ ಅಂತ ಫೋನ್ ನೋಡುವ ಬದಲು, ನನ್ನಲ್ಲಿ ಇಲ್ಲದ ಆಟಗಾರರ ಮೇಲೆ ಕಣ್ಣು ಹೋಗುತ್ತದೆ.

ಪಂದ್ಯಕ್ಕೆ ಮುಂಚಿನ, ನಡುವಿನ ಸ್ಟುಡಿಯೋ ಮಾತುಕತೆಯಿಂದ ಫ್ಯಾಂಟಸಿಗೆ ಹೆಚ್ಚೇನೂ ಸಿಗದು. ಅಡುಗೆಮನೆ ಕೆಲಸ ಮುಗಿಸಿಕೊಳ್ಳಬಹುದು. ಪಂದ್ಯ ಮುಗಿದ ಮೇಲೆ ಕೋಚ್ ಮೈಕಿನ ಮುಂದೆ ಬರುವುದನ್ನು ಮಾತ್ರ ನೋಡಿ. ಯಾರನ್ನು ಯಾಕೆ ಹೊರಗೆ ಕರೆದೆ ಅನ್ನೋ ಪ್ರಶ್ನೆ ಹೆಚ್ಚಾಗಿ ಅಲ್ಲೇ ಬರುತ್ತದೆ. ಉತ್ತರ ಹಾರಿಕೆಯದಾದರೆ ಅದೂ ಒಂದು ಉತ್ತರವೇ.

ಚಾನೆಲ್ ಬೇಕೋ ಆ್ಯಪ್ ಬೇಕೋ ಅಂತ ಕೇಳುವವರಿಗೆ: ಸ್ಟಾರ್ ಸ್ಪೋರ್ಟ್ಸ್ ಸೆಲೆಕ್ಟ್ ಚಾನೆಲ್‌ಗಳಲ್ಲಿ ಅವರು ಆರಿಸಿದ ಪಂದ್ಯ ಬರುತ್ತದೆ, ಅದು ಹೆಚ್ಚಾಗಿ ದೊಡ್ಡ ಹೆಸರಿನ ತಂಡದ್ದು. ನಮಗೆ ಬೇಕಾದದ್ದು ಆಯ್ಕೆ. ಏಳೂವರೆಗೆ ಒಂದೇ ಸಲ ಹಲವು ಪಂದ್ಯ ಇರುವಾಗ ಬ್ರೆಂಟ್‌ಫರ್ಡ್ ಬೇಕೋ ಬೋರ್ನ್‌ಮತ್ ಬೇಕೋ ಅಂತ ನಾವೇ ಆರಿಸುವಂತಿರಬೇಕು. ಅದಕ್ಕೆ ಆ್ಯಪ್ಪೇ ಸರಿ. ಯಾವುದೇ ಸ್ಟ್ರೀಮಿಂಗ್ ಆದರೂ ನಿಜವಾದ ಆಟಕ್ಕಿಂತ ಸ್ವಲ್ಪ ಹಿಂದೆ ಓಡುತ್ತದೆ, ಹಾಗಾಗಿ ಫೋನಿನಲ್ಲಿ ಸ್ಕೋರ್ ನೋಟಿಫಿಕೇಶನ್ ಆಫ್ ಮಾಡಿಡಿ. ಪೆನಾಲ್ಟಿ ಯಾರು ತೆಗೆದುಕೊಳ್ಳುತ್ತಾರೆ ಅಂತ ಉಸಿರು ಬಿಗಿ ಹಿಡಿದು ನೋಡುತ್ತಿರುವಾಗ ಟಿಂಗ್ ಅಂದರೆ ಮಜಾ ಎಲ್ಲ ಹೋಯಿತು. ಎರಡು ಪಂದ್ಯ ಒಟ್ಟಿಗೆ ನೋಡುವವರೂ ಇದ್ದಾರೆ, ಒಂದು ಟಿವಿಯಲ್ಲಿ ಒಂದು ಫೋನಿನಲ್ಲಿ. ನಾನು ಒಪ್ಪುವುದಿಲ್ಲ. ಎರಡರಲ್ಲೂ ಗೋಲು ಮಾತ್ರ ಕಾಣುತ್ತದೆ, ಗೋಲಿಗೆ ಮುಂಚಿನದು ಎರಡರಲ್ಲೂ ತಪ್ಪುತ್ತದೆ.

ಎಲ್ಲರೂ ಇಟ್ಟುಕೊಂಡಿರುವ ಆಟಗಾರರ ಪಂದ್ಯಕ್ಕಾಗಿ ನಿದ್ದೆಗೆಡುವುದು ಬೇಡ ಅಂತಲೂ ಹೇಳುತ್ತೇನೆ. 2024-25ರಲ್ಲಿ ಮೊಹಮದ್ ಸಲಾ 29 ಗೋಲು, 18 ಅಸಿಸ್ಟ್ ಸೇರಿ ಫ್ಯಾಂಟಸಿಯಲ್ಲಿ 344 ಪಾಯಿಂಟ್ ತಂದ, ಅದು ದಾಖಲೆ. ಅವನ ಆಟ ಕಣ್ಣಿಗೆ ಹಬ್ಬ, ಖಂಡಿತ ನೋಡಿ. ಆದರೆ ಅವನನ್ನು ಕೊಳ್ಳಬೇಕು ಅಂತ ತಿಳಿಯೋಕೆ ಟಿವಿ ಬೇಕಿರಲಿಲ್ಲ. ಅದೇ ಸೀಸನ್‌ನಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನ ಕ್ರಿಸ್ ವುಡ್ 20 ಗೋಲು ಹೊಡೆದ, ಬ್ರೆಂಟ್‌ಫರ್ಡ್‌ನ ಬ್ರಯಾನ್ ಎಂಬ್ಯೂಮೊ ಕೂಡ 20. ಎಂಬ್ಯೂಮೊ ಆಟದ ಪಟ್ಟಿಯಲ್ಲಿ ಮಿಡ್‌ಫೀಲ್ಡರ್, ಮೈದಾನದಲ್ಲಿ ಮುಂದಿನ ಸಾಲಿನವನು, ಐವನ್ ಟೋನಿ ಹೋದಮೇಲೆ ಪೆನಾಲ್ಟಿಯೂ ಅವನದೇ. ಇಂಥವರನ್ನು ಬೇಗ ಗುರುತಿಸೋಕೆ ಅವರ ತಂಡದ ಪಂದ್ಯವನ್ನು ಪೂರ್ತಿ ನೋಡಬೇಕು.

ಈ ಪ್ರಸಾರದಲ್ಲಿ ನನಗೆ ಇನ್ನೂ ಒಂದು ಬೇಕು. ಕ್ಯಾಮೆರಾ ಸದಾ ಚೆಂಡಿನ ಹಿಂದೆ ಹೋಗುತ್ತದೆ. ಎಡಗಡೆ ಆಟ ನಡೆಯುವಾಗ ಬಲಗಡೆಯ ಡಿಫೆಂಡರ್ ಎಷ್ಟು ಮುಂದೆ ನಿಂತಿದ್ದಾನೆ ಅಂತ ಕಾಣುವುದಿಲ್ಲ. ರಿಪ್ಲೇ ಹಾಕಿದಾಗಲಂತೂ ನಡೆಯುತ್ತಿರುವ ಆಟವೇ ಮರೆ. ಅಮೆರಿಕದಲ್ಲಿ ಅವರ ಫುಟ್‌ಬಾಲ್‌ಗೆ ಅಮೆಜಾನ್ 2022ರಿಂದ ಗುರುವಾರ ರಾತ್ರಿ ಪಂದ್ಯಗಳ ಜೊತೆ ಪ್ರೈಮ್ ವಿಷನ್ ಅಂತ ಇನ್ನೊಂದು ಪ್ರಸಾರ ಕೊಡುತ್ತಿದೆ. ಎತ್ತರದ ಕ್ಯಾಮೆರಾ, 22 ಜನರೂ ಒಂದೇ ಚೌಕಟ್ಟಿನಲ್ಲಿ. ಪ್ರೀಮಿಯರ್ ಲೀಗ್‌ಗೂ ಅಂಥದ್ದೊಂದು ಬಟನ್ ನಮ್ಮ ಪರದೆಯ ಮೂಲೆಯಲ್ಲಿ ಬಂದರೆ, ಅದಕ್ಕೆ ಬೇರೆ ದುಡ್ಡು ಕೇಳಿದರೂ ಕೊಡುತ್ತೇನೆ. ಶನಿವಾರದ ಏಳೂವರೆ ಪಂದ್ಯಗಳಿಗೆ ಮಾತ್ರ ಕೊಟ್ಟರೂ ಸಾಕು.